ಚವಿಟ್ಟ್ ಅಂದರೆ ತುಳಿ

ಹುಬ್ಬಳ್ಳಿಯ ನಿಕಿತಾಗೆ ಆ ಕೆಂಪು ಗಾಡಿಯ ಹುಚ್ಚು ಎಷ್ಟರಮಟ್ಟಿಗೆ ಹಿಡಿದಿತ್ತೆಂದರೆ, ಸ್ವಂತ ಸೋದರತ್ತೆಯ ಮಗಳ ಮದುವೆಗೂ ಹೋಗದೆ, "ಆಫೀಸಿನ್ಯಾಗ ಭಾಳ ಕೆಲಸ ಐತಿ ಬೇ" ಎಂದು ಅವ್ವನಿಗೆ ಹಸಿ ಹಸಿ ಸುಳ್ಳು ಹೇಳಿ ಕೊಚ್ಚಿಯಲ್ಲೇ ಉಳಿದುಬಿಟ್ಟಳು. ಕೆಲಸವೂ ಇಲ್ಲ, ಮಣ್ಣೂ ಇಲ್ಲ. ಭಾನುವಾರ ಯಾವ ಆಫೀಸು? ಕಲೂರಿನಲ್ಲಿ ಅವಳು ಬಾಡಿಗೆಗಿದ್ದ ಮನೆಯ ಯಜಮಾನರು ವಿಲ್ಸನ್ ಚೇಟನ್, ಅಂದರೆ ವಿಲ್ಸನ್ ಅಣ್ಣ, ಅವತ್ತು ಪರೀಕ್ಷೆ ಇಟ್ಟಿದ್ದರು.

ಎಂಥ ಪರೀಕ್ಷೆ ಅಂತೀರಾ? ಮುಂದಿನ ತಿಂಗಳು ತಿರುವನಂತಪುರದಿಂದ ಕೊಚ್ಚಿಗೆ ಹಳೆ ಗಾಡಿಗಳ ರ‍್ಯಾಲಿ. ಚೇಟನ್ ಹತ್ತಿರ ಐವತ್ತರ ದಶಕದ ಇಂಗ್ಲೆಂಡಿನ ಕೆಂಪು ಸ್ಪೋರ್ಟ್ಸ್ ಕಾರಿತ್ತು. ಎರಡೇ ಸೀಟು, ತಲೆಯ ಮೇಲೆ ಸೂರಿಲ್ಲ, ಬಾಗಿಲು ಮೊಣಕೈ ಇಡುವಷ್ಟು ಎತ್ತರ. ಒಂದೊಂದು ಬೋಲ್ಟನ್ನೂ ಅವರೇ ಬಿಚ್ಚಿ ಜೋಡಿಸಿದ್ದು. ಆದರೆ ಎಡಗಾಲಿನ ಮಂಡಿಗೆ ಆಪರೇಷನ್ ಆಗಿ, ಕ್ಲಚ್ ಮುಟ್ಟಕೂಡದು ಎಂದು ಡಾಕ್ಟರ ಕಟ್ಟಪ್ಪಣೆಯಾಗಿತ್ತು. ಪಕ್ಕದಲ್ಲಿ ಕೂತು ದಾರಿ ಹೇಳಬಹುದು, ಅಷ್ಟೇ. ಸ್ಟಿಯರಿಂಗಿಗೆ ಆಸೆಪಟ್ಟವರು ಇಬ್ಬರು. ಒಬ್ಬಳು ನಿಕಿತಾ, ಇನ್ನೊಬ್ಬ ಅವಳ ಆಫೀಸಿನ ಗೆಳೆಯ, ಕುಂಬಳೆಯ ಅಜಿತ್.

ಅದೇ ಶೆಡ್ಡಿನಲ್ಲಿ ಇನ್ನೊಂದು ಗಾಡಿಯೂ ಇತ್ತು. ಚೇಟನ್ ಅವರ ದುಬೈ ಅಳಿಯ ಕೊಂಡಿಟ್ಟ ಜರ್ಮನಿಯ ಹೊಚ್ಚಹೊಸ ಬೆಳ್ಳಿ ಬಣ್ಣದ ಸ್ಪೋರ್ಟ್ಸ್ ಕಾರು. ಚೇಟನ್ ಎರಡನ್ನೂ ಹೊರಗೆ ತೆಗೆಸಿದರು. ಹರಿಪ್ಪಾಡಿನವರೆಗೆ ಅಜಿತನಿಗೆ ಹಳೆಯದು, ನಿಕಿತಾಗೆ ಹೊಸದು. ಅಲ್ಲಿಂದ ಮುಂದೆ ಅದಲು ಬದಲು. ಮಧ್ಯಾಹ್ನದ ಊಟ ತಿರುವನಂತಪುರದ ಹತ್ತಿರ ತುಂಬ ಎಂಬ ಊರಲ್ಲಿ, ಅವರ ತಂಗಿ ಜಾಯ್ಸ್ ಮನೆಯಲ್ಲಿ. "ಊಟದ ಹೊತ್ತಿಗೆ ಹೇಳ್ತೇನೆ, ರ‍್ಯಾಲಿಗೆ ಯಾರು ಅಂತ," ಎಂದು ಮಂಡಿ ಹಿಡಿದುಕೊಂಡು ಕೆಂಪು ಗಾಡಿಯಲ್ಲಿ ಕೂತರು.

ಬೆಳ್ಳಿ ಗಾಡಿ ಅಂದರೆ ಬೆಣ್ಣೆ. ಸುಳ್ಳು ಯಾಕೆ ಹೇಳಬೇಕು, ಚೇರ್ತಲದ ನೇರ ರಸ್ತೆಯಲ್ಲಿ ಒಂದು ಸಲ ಕಾಲೊತ್ತಿದಾಗ ನಿಕಿತಾಳ ಬೆನ್ನು ಸೀಟಿಗೆ ಅಂಟಿಕೊಂಡು, "ಯವ್ವಾ!" ಎಂಬ ಕೂಗು ತಾನಾಗಿಯೇ ಹೊರಟಿತು. ಬ್ರೇಕಿಗೆ ಬೆರಳು ತಾಕಿಸಿದಷ್ಟು ಒತ್ತಿದರೂ ಸಾಕು, ನಿಂತೇಬಿಡುತ್ತದೆ. ಗೇರು ತಾನೇ ಬೀಳುತ್ತದೆ. ತಿರುವಿನಲ್ಲಿ ಅವಳು ತಪ್ಪು ಮಾಡಿದರೂ ಗಾಡಿಯೇ ತಿದ್ದಿಕೊಂಡು, ಏನೂ ಆಗಿಲ್ಲ ಎಂಬಂತೆ ಮುಂದೆ ಹೋಗುತ್ತದೆ. ಏಸಿ ತಣ್ಣಗೆ, ಹಾಡು ಸಣ್ಣಗೆ, ಮುಳ್ಳು ನೂರು ದಾಟಿದ್ದು ನೋಡಿದ ಮೇಲೇ ತಿಳಿಯುವುದು. ಆಲಪ್ಪುಳ ಬರುವಷ್ಟರಲ್ಲಿ ಅವಳಿಗೆ ಮನೆಯ ಸೋಫಾದಲ್ಲಿ ಕೂತು ಟಿವಿ ನೋಡಿದ ಹಾಗೆ ಅನ್ನಿಸತೊಡಗಿತು. ಮುಂದೆ ಅಜಿತನ ಕೂದಲು ಗಾಳಿಗೆ ಕುಣಿಯುವುದನ್ನು ನೋಡಿ ಹೊಟ್ಟೆಯಲ್ಲಿ ಕಿಚ್ಚು ಬಿತ್ತು.

ಹರಿಪ್ಪಾಡಿನಲ್ಲಿ ಇಳಿದ ಅಜಿತನ ಮುಖ ಟೊಮೇಟೊ ಹಣ್ಣಾಗಿತ್ತು. "ಎಂತ ಗಾಡಿ ಮಾರಾಯ್ತಿ! ಸೊಂಟ ಮುರೀತದೆ, ಆದ್ರೂ ಇಳೀಲಿಕ್ಕೆ ಮನಸ್ಸಿಲ್ಲ."

"ಗೇರು ಒದರಿತೇನು?"

"ಒಂದ್ಸಲವೂ ಇಲ್ಲ," ಎಂದ ಪಾಪಿ.

ನಿಕಿತಾ ಹೊರಡುವಾಗಲೇ ಗೇರು ಕರ್ರ್ ಎಂದು ಕಿರುಚಿತು. ಆಟೋ ಸ್ಟ್ಯಾಂಡಿನವರೆಲ್ಲ ತಿರುಗಿ ನೋಡಿ ನಕ್ಕರು. ಈ ಗಾಡಿಯಲ್ಲಿ ಕ್ಲಚ್ ಒಂದು ಸಲ ಒತ್ತಿದರೆ ಸಾಲದು. ಒತ್ತಿ, ಗೇರು ನ್ಯೂಟ್ರಲ್ಲಿಗೆ ತಂದು, ಬಿಟ್ಟು, ಇಳಿಸುವಾಗಲಾದರೆ ಎಂಜಿನ್ ಒಂದಿಷ್ಟು ಏರಿಸಿ, ಮತ್ತೆ ಒತ್ತಬೇಕು. ಆಗ ಮಾತ್ರ ಗೇರು ಮಹಾರಾಣಿಯಂತೆ ಒಳಗೆ ದಯಮಾಡಿಸುತ್ತಾಳೆ. "ಕೈಯಿಂದ ಅಲ್ಲ ಮೋಳೇ, ಕಿವಿಯಿಂದ ಹಾಕು," ಎಂದರು ಚೇಟನ್, ಮಗಳನ್ನು ಕರೆಯುವ ಹಾಗೆ, ತಮ್ಮ ಎಂದಿನ ಇಂಗ್ಲಿಷ್ ಮಲಯಾಳ ಬೆರಕೆಯಲ್ಲಿ. ಕಾಯಂಕುಳಂ ಬರುವಷ್ಟರಲ್ಲಿ ಕಿವಿಗೆ ತಿಳಿಯಿತು. ಎಂಜಿನ್ ಗುನುಗು ಎಲ್ಲಿಗೆ ಏರಿದಾಗ ಗೇರು ಒಪ್ಪುತ್ತದೋ ಅಲ್ಲಿಗೆ ಅವಳ ಪಾದವೇ ಹೋಗತೊಡಗಿತು.

ಆಹಾ, ಆಮೇಲಿನ ಮಜಾ ಏನು ಹೇಳಲಿ! ಮುಳ್ಳು ಅರವತ್ತರಲ್ಲಿದ್ದರೂ ಹಾರಿದ ಹಾಗೆ. ರಸ್ತೆಯ ಒಂದೊಂದು ಹರಳೂ ಸೀಟಿನ ಮೂಲಕ ಬಂದು ತನ್ನ ಸಮಾಚಾರ ಹೇಳುತ್ತದೆ. ಬಿಸಿ ಎಣ್ಣೆಯ ವಾಸನೆ, ದಾರಿಬದಿಯ ಹೋಟೆಲಿನ ಪೊರೋಟದ ವಾಸನೆ, ಕಾಯಲ್ ಎಂಬ ಹಿನ್ನೀರಿನ ಕೆಸರಿನ ವಾಸನೆ, ಎಲ್ಲವೂ ಮೂಗಿಗೇ. ಸ್ಟಿಯರಿಂಗ್ ತಿರುಗಿಸಲು ಹೆಗಲು ಬೇಕು, ಬ್ರೇಕು ಬೇಕೆಂದರೆ ಅರ್ಧ ಫರ್ಲಾಂಗ್ ಮೊದಲೇ ಅರ್ಜಿ ಹಾಕಬೇಕು. ತಪ್ಪು ಮಾಡಿದರೆ ತಿದ್ದುವವರಿಲ್ಲ. ಸರಿ ಮಾಡಿದರೆ ಅದು ಪೂರ್ತಿ ಅವಳದೇ. ಈ ಗಾಡಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದಾ? ಸಾಧ್ಯವೇ ಇಲ್ಲ ಎಂದುಕೊಂಡಳು.

ಕೊಲ್ಲಂ ದಾಟಿ, ಚಾತ್ತನ್ನೂರಿನ ಆಚೆ, ಇಟ್ಟಿಗೆ ತುಂಬಿದ ಲಾರಿಯೊಂದು ಏದುಸಿರು ಬಿಡುತ್ತ ಮುಂದೆ ಹೋಗುತ್ತಿತ್ತು. ಎದುರಿನ ರಸ್ತೆ ಖಾಲಿ. ನಿಕಿತಾ ಬಲಕ್ಕೆ ಹೊರಬಂದು ಲಾರಿಯ ಪಕ್ಕಕ್ಕೆ ಸೇರಿದಳು. ಹಿಂದಿದ್ದ ಅಜಿತ್ ಅವಳು ಬಿಟ್ಟ ಜಾಗಕ್ಕೆ ನುಗ್ಗಿ ಲಾರಿಯ ಬಾಲಕ್ಕೆ ಅಂಟಿಕೊಂಡ. ಅಷ್ಟರಲ್ಲಿ ದೂರದ ತಿರುವಿನಿಂದ ಒಂದು ಬಸ್ಸು ಆಟೋವನ್ನು ಹಿಂದೆ ಹಾಕಿ, ಹಾರ್ನ್ ಬಾರಿಸುತ್ತ, ನೇರ ಅವಳ ಎದುರಿಗೇ ಬಂತು.

"ಚವಿಟ್ಟ್!" ಚೇಟನ್ ಕಿರುಚಿದರು. "ಚವಿಟ್ಟ್ ಮೋಳೇ, ಚವಿಟ್ಟ್!"

ಆ ಮಾತು ನಿಕಿತಾಗೆ ಗೊತ್ತಿತ್ತು. ದಿನಾ ಸಂಜೆ ಬಸ್ಸಿನ ನೂಕುನುಗ್ಗಲಿನಲ್ಲಿ "ಕಾಲಿಲ್ ಚವಿಟ್ಟಲ್ಲೇ" ಎಂದು ಹೆಂಗಸರಿಂದ ಬೈಸಿಕೊಂಡು ಕಲಿತದ್ದು. ಚವಿಟ್ಟ್ ಅಂದರೆ ತುಳಿ. ಇನ್ನು ಹುಬ್ಬಳ್ಳಿಯ ಹುಡುಗಿಗೆ ತುಳಿ ಅಂದರೆ ಏನು? ಉಣಕಲ್ ಕೆರೆಯ ಏರಿಯಲ್ಲಿ ಅಣ್ಣ "ಸೈಕಲ್ ತುಳೀ, ತುಳೀ!" ಎಂದು ಕೂಗಿದರೆ ನಿಲ್ಲಬೇಡ, ಜೋರಾಗಿ ಹೋಗು ಎಂದೇ ಅರ್ಥ. ಕ್ಲಚ್, ನ್ಯೂಟ್ರಲ್, ಎಂಜಿನ್ ಏರಿಸಿ ಮತ್ತೆ ಕ್ಲಚ್. ಗೇರು ಸದ್ದಿಲ್ಲದೆ ಇಳಿಯಿತು. ನಿಕಿತಾ ಆಕ್ಸಿಲರೇಟರನ್ನು ನೆಲ ಮುಟ್ಟುವ ತನಕ ತುಳಿದಳು. ಮುದುಕ ಗಾಡಿ ಗರ್ಜಿಸಿ ಜಿಗಿಯಿತು. ಲಾರಿಯ ಮೂತಿ ಹಿಂದಾಯಿತು, ಎಡಕ್ಕೆ ಎಳೆದಳು, ಬಸ್ಸು ಬಿರುಗಾಳಿ ಎಬ್ಬಿಸಿಕೊಂಡು ಬಲಗಡೆ ಹಾದುಹೋಯಿತು.

"ಹೆಂಗೈತಿ!" ಎಂದು ಅವಳು ಕನ್ನಡದಲ್ಲೇ ಕೂಗಿದಳು. ತುಂಬ ಊರು ಬರುವವರೆಗೂ ಚೇಟನ್ ಬಾಗಿಲು ಹಿಡಿದ ಕೈ ಸಡಿಲಿಸಲಿಲ್ಲ. ಮನೆಯ ಮುಂದೆ ಗಾಡಿ ನಿಂತ ಕೂಡಲೇ ಅಂಗೈ ಚಾಚಿ ಕೀ ಇಸಿದುಕೊಂಡು, ಜೇಬಿಗೆ ಹಾಕಿ, ಕುಂಟುತ್ತ ಒಳಗೆ ಹೋದರು.

ಅಜಿತ್ ಓಡಿಬಂದ. "ನನ್ನ ಜೀವವೇ ಹೋಗಿತ್ತು ಮಾರಾಯ್ತಿ! ಚೇಟನ್ ಎಂತ ಹೇಳಿದ್ರು?"

"ಚವಿಟ್ಟ್ ಅಂದ್ರು, ತುಳದೆ."

ಅಜಿತ್ ಬಾನೆಟ್ಟಿನ ಮೇಲೆ ಕೈಯೂರಿ, ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯೋ ಪುಣ್ಯಾತ್ಗಿತ್ತಿ! ಇಲ್ಲಿ ಗಾಡಿಯಲ್ಲಿ ಹಾಗೆ ಕಿರುಚಿದ್ರೆ ಬ್ರೇಕ್ ಹಾಕು ಅಂತ!"

ಅವಳು ತಿರುಗಿ, ಕೀ ಇಲ್ಲದೆ ನಿಂತ ಕೆಂಪು ಗಾಡಿಯನ್ನು ನೋಡಿದಳು.

ಊಟಕ್ಕೆ ಕೂತಾಗ ಚೇಟನ್ ಬಾಯಿ ಬಿಟ್ಟರು, ಅದೂ ತಂಗಿಯ ಕಡೆ ತಿರುಗಿ. "ಜಾಯ್ಸ್, ನಾನು ಹೆದರಿ ಬ್ರೇಕ್ ಹಾಕು ಅಂದೆ. ಹಿಂದೆ ಈ ಅಜಿತ್ ಜಾಗ ತುಂಬಿಬಿಟ್ಟಿದ್ದ. ನಿಧಾನ ಮಾಡಿದ್ದರೆ ಸೇರಿಕೊಳ್ಳಲು ಜಾಗವೇ ಇರಲಿಲ್ಲ, ಬಸ್ಸಿನ ಬಾಯಿಗೇ. ಈ ಹುಡುಗಿ ನನ್ನ ಮಾತು ಮೀರಿ ಮುಂದೆ ನುಗ್ಗಿದಳು. ಅಂಥ ತಲೆ ನನಗೂ ಇರಲಿಲ್ಲ!"

ಅಜಿತ್ ಸುಮ್ಮನಿರು ಎಂದು ಕಣ್ಣು ಹೊಡೆದ. ಬಾಯಿ ಮುಚ್ಚಿಕೊಂಡು ಮೀನು ತಿಂದಿದ್ದರೆ ರ‍್ಯಾಲಿ ಅವಳದೇ. ಆದರೆ ರ‍್ಯಾಲಿಯ ದಿನ ಚೇಟನ್ ನಿಜವಾಗಿಯೂ ನಿಲ್ಲಿಸಲು ಹೇಳಿ, ಇವಳು ಮತ್ತೆ ತುಳಿದರೆ? ನಿಕಿತಾ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು.

"ತಲೆ ಗಿಲೆ ಏನಿಲ್ಲ ಚೇಟಾ. ಚವಿಟ್ಟ್ ಅಂದರೆ ಜೋರಾಗಿ ಹೋಗು ಅಂತ ತಿಳಿದೆ. ನೀವು ಹೇಳಿದ್ದನ್ನೇ ಮಾಡಿದೆ."

ಚೇಟನ್ ಕೈ ತಟ್ಟೆಯಲ್ಲೇ ನಿಂತಿತು. ಜಾಯ್ಸ್ ಸೌಟು ಹಿಡಿದುಕೊಂಡೇ ಅಣ್ಣನ ಮುಖ ನೋಡಿದರು.

"ಆಗ ಗೇರು ಇಳಿಸಿದೆಯಲ್ಲ, ಸದ್ದೇ ಬರದ ಹಾಗೆ," ಎಂದರು ಚೇಟನ್ ನಿಧಾನವಾಗಿ. "ಅದನ್ನೂ ನಾನೇ ಹೇಳಿದೆನಾ?"

"ಇಲ್ಲ."

"ನಾನಾಗಿದ್ರೆ ಬ್ರೇಕೇ ಹಾಕ್ತಿದ್ದೆ ಚೇಟಾ," ಎಂದ ಅಜಿತ್, ತಲೆ ತಗ್ಗಿಸಿ. "ನನಗೆ ಮಲಯಾಳ ಬರ್ತದಲ್ಲ."

ಚೇಟನ್ ಗಹಗಹಿಸಿ ನಕ್ಕರು. ನಕ್ಕು ನಕ್ಕು ಕೆಮ್ಮು ಬಂತು. ನೀರು ಕುಡಿದು, ನಿಕಿತಾ ಕಡೆ ತಿರುಗಿದರು. "ಬ್ರೇಕ್ ಹಾಕು ಅನ್ನೋದಕ್ಕೆ ನಿಮ್ಮೂರಲ್ಲಿ ಏನಂತಾರೆ?"

"ನಿಂದರಸು."

"ನಿಂ... ನಿಂದ್ರ... ಇಷ್ಟುದ್ದ ಹೇಳುವಷ್ಟರಲ್ಲಿ ಬಸ್ಸಿನೊಳಗೆ ಟಿಕೆಟ್ ತಗೊಂಡಿರ್ತೇವೆ! ಚಿಕ್ಕದು ಹೇಳು."

ನಿಕಿತಾ ಯೋಚಿಸಿದಳು. ಬ್ರೇಕ್ ಹಿಡಿ ಅಂತಾರಲ್ಲ. "ಹಿಡಿ," ಎಂದಳು.

"ಹಿಡಿ. ಹಿಡಿ." ಚೇಟನ್ ನಾಲಗೆಯ ಮೇಲೆ ಆಡಿಸಿ ನೋಡಿದರು, ಒಪ್ಪಿಗೆಯಾಯಿತು. ಎಡಗೈ ಜೇಬಿಗೆ ಹಾಕಿ, ಕೀ ತೆಗೆದು, ಮೇಜಿನ ಮೇಲಿಂದ ಅವಳತ್ತ ಚಾಚಿ, ಪಾಠ ಒಪ್ಪಿಸುವವರ ಹಾಗೆ ಗಟ್ಟಿಯಾಗಿ ಹೇಳಿದರು:

"ಹಿಡಿ!"

ಮೀನಿನ ಸಾರು ಮೆತ್ತಿದ ಕೈಯಲ್ಲೇ ನಿಕಿತಾ ಹಿಡಿದಳು.