ಯಜಮಾನರು ನಗುವ ತನಕ

ಯಜಮಾನರಿಗೆ ಕೋಪ ಮೂಗಿನ ತುದಿಯಲ್ಲೇ ಇದ್ದರೂ ಮನಸ್ಸು ಮಾತ್ರ ಬೆಣ್ಣೆ ಎಂದು ಆ ಕಾರ್ಖಾನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಹೇಳುವವರಿಗೇನು, ಹೇಳುತ್ತಾರೆ. ಬೈಸಿಕೊಳ್ಳುತ್ತಾ ನಿಂತವರಿಗೆ ಬೆಣ್ಣೆ ಎಲ್ಲಿದೆ ಎಂದು ಹುಡುಕುವಷ್ಟು ಪುರುಸೊತ್ತು ಇರುತ್ತಿರಲಿಲ್ಲ.

ಅದು ಕನ್ನಡಕದ ಗಾಜು ಕತ್ತರಿಸಿ ಫ್ರೇಮಿಗೆ ಕೂರಿಸಿಕೊಡುವ ಸಣ್ಣ ಕಾರ್ಖಾನೆ. ಊರಿನ ಹತ್ತಾರು ಅಂಗಡಿಗಳಿಂದ ಆರ್ಡರು ಬರುತ್ತಿತ್ತು, ಹೆಸರಿಲ್ಲದೆ, ಬರೀ ನಂಬರಿನ ಚೀಟಿಯಲ್ಲಿ. ಕೆಲಸಕ್ಕೆ ಹನ್ನೊಂದು ಜನ. ಗಾಜಿಗೆ ಗೀರು ಬಿದ್ದರೆ ಯಜಮಾನರು ಕೂಗಾಡುತ್ತಿದ್ದರು, ಬೀಳದಿದ್ದರೆ ಕೆಲಸ ನಿಧಾನವಾಯಿತೆಂದು ಕೂಗಾಡುತ್ತಿದ್ದರು. ಎಲ್ಲರ ಎದುರಿಗೇ ಒಬ್ಬರಿಗೆ ಮಂಗಳಾರತಿ ಎತ್ತಿ, ಹತ್ತು ನಿಮಿಷಕ್ಕೆ ಎಲ್ಲರಿಗೂ ಚಹಾ ತರಿಸುತ್ತಿದ್ದರು. ಅವರ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಬೈಸಿಕೊಂಡವರು ಆ ಚಹಾ ಹಿಡಿದುಕೊಂಡು ಗೋಡೆ ನೋಡುತ್ತಾ ಕೂರುತ್ತಿದ್ದರು.

ಇದಕ್ಕೆ ಅವರೆಲ್ಲ ಸೇರಿ ಒಂದು ಉಪಾಯ ಹೂಡಿದ್ದರು. ಬಾಗಿಲ ಬಳಿಯ ಮೇಜಿನಲ್ಲಿ ಕೂರುತ್ತಿದ್ದ ಗುಮಾಸ್ತನಿಗೆ ‘ಹವಾಮಾನ’ ಎಂದು ಅಡ್ಡಹೆಸರು. ಯಜಮಾನರು ಕಾರಿನ ಬಾಗಿಲು ಹಾಕುವ ಸದ್ದು ಕೇಳಿಯೇ ಆ ದಿನ ಹೇಗಿರುತ್ತದೆಂದು ಹೇಳುತ್ತಿದ್ದ ಪುಣ್ಯಾತ್ಮ. ಯಾರಿಗಾದರೂ ಕೆಟ್ಟ ಸುದ್ದಿ ಹೇಳುವುದಿದ್ದರೆ ಚೀಟಿಯಲ್ಲಿ ಬರೆದು ಅವನ ಡ್ರಾಯರಿನ ಹಳೆಯ ಕನ್ನಡಕದ ಡಬ್ಬಿಯಲ್ಲಿ ಹಾಕಬೇಕು. ಯಜಮಾನರು ಯಾವುದಾದರೂ ಮಾತಿಗೆ ನಕ್ಕರೆ ಹವಾಮಾನ ಒಂದು ಚೀಟಿ ಒಳಗೆ ಒಯ್ಯುತ್ತಾನೆ. ಬಹಳ ನಕ್ಕರೆ ಎರಡು. ಮದುವೆಯಾಗಿ ಮಕ್ಕಳಿರುವ ಹನ್ನೊಂದು ಜನ ದೊಡ್ಡವರು ಇದನ್ನು ಜಾಣತನ ಎಂದುಕೊಂಡಿದ್ದರು ಎಂದರೆ ಏನು ಹೇಳಬೇಕೋ ತಿಳಿಯದು.

ತಯಾರಾದ ಕನ್ನಡಕವನ್ನು ಪವರ್ ಮತ್ತು ಕೋನ ಅಳೆಯುವ ಮೀಟರಿನಲ್ಲಿಟ್ಟು ಪರೀಕ್ಷಿಸುವ ಕೆಲಸ ಅಕ್ಕನದು. ಹನ್ನೆರಡು ವರ್ಷದ ಕೈ. ಅಲ್ಲಿ ಎಲ್ಲರಿಗೂ ಅವಳು ಅಕ್ಕನೇ. ಮೊದಲು ಪ್ರತಿಯೊಂದನ್ನೂ ನೋಡುತ್ತಿದ್ದಳು. ಅವಸರವೆಂದು ಯಜಮಾನರು ಹತ್ತಕ್ಕೊಂದು ನೋಡಿದರೆ ಸಾಕು ಎಂದಿದ್ದರು. ಕೆಲವು ಕಣ್ಣುಗಳಿಗೆ ಪವರ್ ಜೊತೆಗೆ ಗಾಜು ಯಾವ ಕೋನದಲ್ಲಿ ಕೂರಬೇಕೆಂಬುದೂ ಮುಖ್ಯ. ಕೋನ ತಪ್ಪಿದರೆ ಅಕ್ಷರ ಎರಡೆರಡಾಗಿ ಕಾಣುತ್ತದೆ.

ಸೋಮವಾರ ಹಾಗೆ ಒಂದು ಕನ್ನಡಕ ಸಿಕ್ಕಿತು. ಕತ್ತರಿಸುವ ಯಂತ್ರದಲ್ಲಿ ಗಾಜನ್ನು ಬಿಗಿಯಾಗಿ ಕಚ್ಚುವ ಹಿಡಿ ಸಡಿಲವಾಗಿತ್ತು, ಆಗಾಗ ಗಾಜು ಹೊರಳುತ್ತಿತ್ತು. ಯಂತ್ರ ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆಸಬೇಕು. ಆದರೆ ಹಿಂದೊಮ್ಮೆ ಹೇಳದೆ ಯಂತ್ರ ನಿಲ್ಲಿಸಿದವನಿಗೆ ಯಜಮಾನರು ಎಲ್ಲರೆದುರು ಇಳಿಸಿದ ನೀರು ಯಾರಿಗೂ ಮರೆತಿರಲಿಲ್ಲ. ಅಕ್ಕ ಚೀಟಿ ಬರೆದಳು.

“ಇವತ್ತು ಬೇಡ ಅಕ್ಕ,” ಎಂದ ಹವಾಮಾನ. “ಬಾಗಿಲು ಹಾಕಿದ ರಭಸಕ್ಕೆ ಗಾಜು ಒಡೆದುಹೋಗದೆ ಇದ್ದದ್ದೇ ಹೆಚ್ಚು.”

ಮಂಗಳವಾರವೂ ಬೇಡವಾಯಿತು. ಬುಧವಾರ ಯಜಮಾನರು ಇನ್ನೇನು ನಗುತ್ತಾರೆ ಅನ್ನುವಷ್ಟರಲ್ಲಿ ಫೋನು ಬಂದು ಕೆಂಡಾಮಂಡಲವಾದರು. ಯಂತ್ರ ಓಡುತ್ತಲೇ ಇತ್ತು. ಅಕ್ಕ ಹತ್ತಕ್ಕೊಂದನ್ನು ನೋಡುತ್ತಾ, ಉಳಿದ ಒಂಬತ್ತು ಸರಿಯಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಾ ಕೂತಳು.

ಅವಳ ತಮ್ಮ ಬಸ್ಸಿನ ಡ್ರೈವರು. ಅಕ್ಕನ ಮನೆಯಲ್ಲೇ ಇದ್ದ. ವರ್ಷದ ಕಣ್ಣಿನ ಪರೀಕ್ಷೆಯಲ್ಲಿ ಕನ್ನಡಕ ಬೇಕೆಂದಿದ್ದರು. ಹಾಕಿಕೊಂಡು ಬಂದು ಶುಕ್ರವಾರ ಮತ್ತೆ ತೋರಿಸಬೇಕಿತ್ತು. ಡಿಪೋ ಎದುರಿನ ಅಂಗಡಿಯಲ್ಲಿ ಮಾಡಿಸಿ ಬುಧವಾರ ಸಂಜೆ ಹಾಕಿಕೊಂಡು ಬಂದ.

“ಏನೋ ಒಂಥರಾ ಇದೆ ಅಕ್ಕ. ಬೋರ್ಡೆಲ್ಲ ಅಲ್ಲಾಡಿದ ಹಾಗೆ ಕಾಣುತ್ತೆ.”

“ಹೊಸದಲ್ವಾ, ಅಭ್ಯಾಸ ಆಗುತ್ತೆ ಬಿಡು,” ಎಂದಳು ಅಕ್ಕ. ಹೇಳುವಾಗಲೇ ಯಂತ್ರದ ಸಡಿಲ ಹಿಡಿ ನೆನಪಾಯಿತು. ಅದನ್ನು ಅಲ್ಲೇ ಅದುಮಿದಳು. ವಾರವಿಡೀ ಅದುಮಿ ಅದುಮಿ ಅವಳಿಗೆ ಅದು ರೂಢಿಯಾಗಿಬಿಟ್ಟಿತ್ತು.

ಶುಕ್ರವಾರ ತಮ್ಮ ಪರೀಕ್ಷೆಯಲ್ಲಿ ಫೇಲಾದ. ಕನ್ನಡಕ ಹಾಕಿದರೂ ದೃಷ್ಟಿ ಸಾಲದು ಎಂದು ಬರೆದು, ಸ್ಟೇರಿಂಗ್ ಬಿಡಿಸಿ ಬಸ್ಸು ತೊಳೆಯುವ ಕೆಲಸಕ್ಕೆ ಹಾಕಿದರು. ಮತ್ತೆ ಪರೀಕ್ಷೆ ಆರು ತಿಂಗಳ ಮೇಲೆ. ಆಗಲೂ ಆಗದಿದ್ದರೆ ಡ್ರೈವರ್ ಕೆಲಸ ಖಾಯಂ ಆಗಿ ಹೋಯಿತು. ಮನೆಗೆ ಬಂದವನು ಒಂದು ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ನೋಡಿದ, ಆಮೇಲೆ ಇನ್ನೊಂದು ಮುಚ್ಚಿ ನೋಡಿದ.

“ಅಪ್ಪನಿಗೂ ಹೀಗೇ ಶುರುವಾಗಿದ್ದಲ್ವಾ?” ಎಂದು ಕೇಳಿದ. ಅವರ ಅಪ್ಪನಿಗೆ ಕೊನೆಯ ದಿನಗಳಲ್ಲಿ ಕಣ್ಣೇ ಕಾಣುತ್ತಿರಲಿಲ್ಲ.

ಅಕ್ಕ ತಟ್ಟೆ ಇಟ್ಟಳು. ಅನ್ನ ಬಡಿಸಿದಳು. ಶನಿವಾರ ಬೆಳಿಗ್ಗೆ ಅವನು ಮೇಜಿನ ಮೇಲೆ ಬಿಟ್ಟು ಹೋದ ಕನ್ನಡಕವನ್ನು ಡಬ್ಬಿ ಸಮೇತ ಸೆರಗಿನಲ್ಲಿ ಸುತ್ತಿ ಕೆಲಸಕ್ಕೆ ಒಯ್ದು ಮೀಟರಿನಲ್ಲಿಟ್ಟಳು. ಡಬ್ಬಿಯೊಳಗಿದ್ದ ಚೀಟಿಯ ನಂಬರು ಅವರದೇ ಕಾರ್ಖಾನೆಯದು. ಬಲಗಣ್ಣಿನ ಗಾಜು ಚೀಟಿಯಲ್ಲಿ ಬರೆದ ಕೋನಕ್ಕಿಂತ ಹದಿನೈದು ಡಿಗ್ರಿ ಹೊರಳಿತ್ತು.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಯಾರ ಮೇಲೆ ಎಂದು ಅವಳಿಗೇ ಗೊತ್ತಾಗಲಿಲ್ಲ. ಕನ್ನಡಕದ ತಪ್ಪು ಎಂದು ಕಾರ್ಖಾನೆಯಿಂದ ಒಂದು ಪತ್ರ ಬೇಕು, ಯಜಮಾನರ ಸಹಿ ಬೇಕು, ಆಗ ಡಿಪೋದವರು ಮತ್ತೆ ಪರೀಕ್ಷೆ ಮಾಡುತ್ತಾರೆ. ಎದ್ದು ಹೊರಟಳು.

“ಅಕ್ಕ, ಇವತ್ತು ಹೋಗಬೇಡ,” ಹವಾಮಾನ ಅಡ್ಡ ಬಂದ. “ಬೆಳಿಗ್ಗೆಯಿಂದ ಇಬ್ಬರ ಬೆವರಿಳಿಸಿದ್ದಾರೆ. ಸೋಮವಾರ ನೋಡೋಣ.”

“ಯಾವ ಸೋಮವಾರ ನೋಡ್ತೀಯೋ? ಹೋದ ಸೋಮವಾರಾನೂ ಹೀಗೇ ಅಂದೆ.”

ಒಳಗೆ ಹೋಗಿ, ಯಂತ್ರದ ಹಿಡಿ ಸೋಮವಾರದಿಂದಲೇ ಸಡಿಲವಾಗಿರುವುದನ್ನೂ ತಮ್ಮನ ಕಣ್ಣಿನ ಕಥೆಯನ್ನೂ ಒಂದೇ ಉಸಿರಿಗೆ ಹೇಳಿದಳು. ಯಜಮಾನರ ಮುಖ ಕೆಂಪಾಯಿತು. ಮೇಜು ಗುದ್ದಿದರು. ವಾರವೆಲ್ಲ ತಪ್ಪು ಮಾಲು ಹೋಗಿದೆಯಾ, ನಿಮಗೆಲ್ಲ ತಲೆಯಲ್ಲಿ ಏನಿದೆ, ನನ್ನ ಹೆಸರಿಗೆ ಮಸಿ ಬಳಿಯಲು ಸಂಬಳ ಕೊಡುತ್ತೇನಾ ಎಂದು ಹೊರಗಿನ ರಸ್ತೆಗೆ ಕೇಳುವಷ್ಟು ಜೋರಾಗಿ ಹಾರಾಡಿದರು. ಅಕ್ಕ ನಿಂತೇ ಇದ್ದಳು.

“ಮೊದಲೇ ಬಂದು ಹೇಳೋಕೆ ಏನ್ರೀ ಆಗಿತ್ತು? ನಾನು ಬೈದರೆ ಜೀವ ಹೋಗುತ್ತಾ?”

“ಜೀವ ಹೋಗಲ್ಲ ಸರ್. ಬಾಯಿ ಹೋಗುತ್ತೆ.”

ಯಜಮಾನರು ಗಂಟೆ ಒತ್ತಿ ಚಹಾಕ್ಕೆ ಹೇಳಿದರು. ಹತ್ತು ನಿಮಿಷವಾಯಿತು, ಚಹಾ ಬಂತು. ಯಂತ್ರ ನಿಲ್ಲಿಸಲು ಹೇಳಿದರು, ವಾರದ ಮಾಲನ್ನೆಲ್ಲ ವಾಪಸು ಕರೆಸಲು ಹೇಳಿದರು, ತಾವೇ ಕೂತು ಪತ್ರ ಟೈಪು ಮಾಡಿ ಸಹಿ ಹಾಕಿದರು. ಇಷ್ಟು ಸಲೀಸಾಗಿ ಆಗುವ ಕೆಲಸಕ್ಕೆ ಒಂದು ವಾರ ಕಾದೆವಲ್ಲ ಎಂದು ಅಕ್ಕನಿಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

“ಈಗ ನನಗೆ ಕೋಪ ಇಲ್ಲ,” ಎಂದು ಪತ್ರ ಚಾಚಿದರು. “ಇದ್ದದ್ದನ್ನ ಇದ್ದ ಹಾಗೇ ಬರೆದಿದ್ದೀನಿ.”

ನಮ್ಮ ಪರೀಕ್ಷಕಿಯು ಯಂತ್ರದ ದೋಷವನ್ನು ಸೋಮವಾರವೇ ಕಂಡಿದ್ದರೂ ನನಗೆ ತಿಳಿಸದೆ ಇದ್ದುದರಿಂದ ಈ ಕನ್ನಡಕ ತಪ್ಪಾಗಿ ತಯಾರಾಗಿದೆ. ದಯವಿಟ್ಟು ಚಾಲಕರ ದೃಷ್ಟಿಯನ್ನು ಮತ್ತೊಮ್ಮೆ ಪರೀಕ್ಷಿಸಬೇಕು ಎಂದಿತ್ತು.

“ಚೀಟಿ ಬರೆದಿದ್ದೆ ಸರ್.”

“ನನ್ನ ಕೈಗೆ ಬಂತಾ?”

“ಇಲ್ಲ.”

“ಮತ್ತೆ?”

ಅವರೇನೂ ಸುಳ್ಳು ಬರೆದಿರಲಿಲ್ಲ, ಅದೇ ಹೊಟ್ಟೆ ಉರಿಯುವ ಸಂಗತಿ. ಪತ್ರ ಮಡಿಸಿಕೊಂಡು ಹೊರಗೆ ಬಂದಳು. ಹತ್ತೂ ಜನ ಕತ್ತು ಉದ್ದ ಮಾಡಿ ನೋಡುತ್ತಿದ್ದರು.

“ಚಹಾ ಆದ ಮೇಲೂ ಕೂಗಾಡಿದರಾ?” ಎಂದು ಹವಾಮಾನ ಕೇಳಿದ.

“ಇಲ್ಲ. ಆಮೇಲೆ ಕೂಗಾಡಲಿಲ್ಲ.”

“ಸದ್ಯ, ಬದುಕಿದೆ,” ಎಂದ ಅವನು. ಎಲ್ಲರೂ ಸಮಾಧಾನದಿಂದ ಕೆಲಸಕ್ಕೆ ತಿರುಗಿದರು. ಅವರನ್ನು ನೋಡಿ ಅಕ್ಕನಿಗೆ ಅಳು ಬಂತು.

ಸಂಜೆ ತಮ್ಮ ಒದ್ದೆ ಪ್ಯಾಂಟಿನಲ್ಲಿ ಮನೆಗೆ ಬಂದ. ಅಕ್ಕ ಪತ್ರ ಕೊಟ್ಟಳು. ಅವನು ಅದನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದ. ಮತ್ತೊಮ್ಮೆ ಓದಿದ.

“ಅಂದ್ರೆ ನನ್ನ ಕಣ್ಣು ಸರಿ ಇದೆ.”

“ಸರಿ ಇದೆ ಕಣೋ. ಸರಿಯಾದ ಗಾಜು ಹಾಕಿದರೆ ಎಲ್ಲಾ ಕಾಣುತ್ತೆ. ಸೋಮವಾರ ನಾನೇ ಕೂತು ಮಾಡಿಕೊಡ್ತೀನಿ.”

ಅವನು ಪತ್ರವನ್ನು ಮೇಜಿನ ಮೇಲಿಟ್ಟು, ಅಂಚಿಗೆ ಅಂಚು ಸರಿಮಾಡಿದ. ಅಕ್ಕ ಬೈಗುಳಕ್ಕೆ ಕಾದಳು. ಬೈದುಬಿಡಲಿ, ತಟ್ಟೆ ಎತ್ತಿ ಎಸೆಯಲಿ, ಹತ್ತು ನಿಮಿಷದಲ್ಲಿ ಮುಗಿದುಹೋಗಲಿ ಅನ್ನಿಸಿತು.

“ಬೈಯೋ,” ಎಂದಳು. “ಸೋಮವಾರವೇ ಗೊತ್ತಿತ್ತು ನನಗೆ. ಬೈದುಬಿಡು.”

“ಅವರಿಗೆ ಹೇಳೋಕೆ ಹೆದರಿದೆ, ಸರಿ. ಅದು ಅರ್ಥ ಆಗುತ್ತೆ,” ಎಂದ ತಮ್ಮ. ದನಿ ಸ್ವಲ್ಪವೂ ಏರಿರಲಿಲ್ಲ. “ನಿನ್ನೆ ಸಂಜೆ ನಾನು ಅಪ್ಪನ ಹಾಗೆ ಆಗ್ತೀನಾ ಅಂತ ಕೇಳ್ದಾಗ ನಿಂಗೆ ಅನುಮಾನ ಬಂದಿತ್ತಲ್ವಾ ಅಕ್ಕ? ನಾನು ಯಾವತ್ತಾದರೂ ನಿನ್ನ ಮೇಲೆ ಕೂಗಿದ್ದೀನಾ?”