ಸಪ್ಪಲಮ್ಮನ ಮುಂದೆ ಎರಡು ಪೊಟ್ಟಣ

ತಮಿಳು ದಿನಪತ್ರಿಕೆಯೊಂದರ ಸೇಲಂ ಆವೃತ್ತಿಯಲ್ಲಿ ಬಹುಕಾಲ ಬೇರೆಯವರ ತಪ್ಪು ತಿದ್ದಿ ನಿವೃತ್ತನಾದ ಮೇಲೆ, ತಿದ್ದಲು ನನಗೆ ಉಳಿದದ್ದು ಮನೆಯವರು ಮಾತ್ರ. ಪಾಲಕೋಡ್ ಹತ್ತಿರದ ನಮ್ಮೂರಿನಲ್ಲಿ ನನ್ನನ್ನು ಪೇಪರ್ ತಿಮ್ಮರಾಜು ಎನ್ನುತ್ತಾರೆ. ಅದು ಗೌರವವೋ ಗೇಲಿಯೋ, ಖಚಿತ ಮಾಹಿತಿ ಲಭ್ಯವಿಲ್ಲ.

ನನ್ನ ತಮ್ಮ ಗೋವಿಂದರಾಜುವಿನ ಮಗಳು ವಾಣಿ ಒಬ್ಬನನ್ನು ಮೆಚ್ಚಿದಾಗ, ಅವನನ್ನು ವಿಚಾರಿಸುವ ಕೆಲಸ ಸಹಜವಾಗಿ ನನ್ನ ಪಾಲಿಗೆ ಬಂತು. ಹುಡುಗನ ಹೆಸರು ಶೇಖರ್. ಶಂಕಗಿರಿಯ ಲಾರಿ ಬುಕ್ಕಿಂಗ್ ಆಫೀಸಿನಲ್ಲಿ ಕೆಲಸ. ನಾನು ಪತ್ತೆ ಹಚ್ಚಿದ ದೋಷ ಒಂದೇ: ಫೋನಿನಲ್ಲಿ ದುಡ್ಡಿಟ್ಟು ಪೋಕರ್ ಎಂಬ ಇಸ್ಪೀಟಾಟ ಆಡುತ್ತಿದ್ದ.

ಜಗಲಿಯ ಮೇಲೆ ಕೂರಿಸಿ ಕೇಳಿದೆ. ಅವನು ಬೆವರಲಿಲ್ಲ.

“ಜೂಜಲ್ಲ ಮಾವ, ಸ್ಕಿಲ್ಲು. ಸರ್ಕಾರ ಬ್ಯಾಡ ಅಂದಾಗ ಬುಟ್ಟೆ. ಐಕೋರ್ಟು ಆಡ್ಬೌದು ಅಂದಾಗ ಆಡ್ದೆ. ರಾತ್ರಿ ಅನ್ನೆರಡರ ಮ್ಯಾಲೆ ಆಡಬ್ಯಾಡಿ ಅಂದ್ರು, ಮನಿಕಂಡೆ. ಈಗ ಡೆಲ್ಲಿಯೋರು ಪೂರಾ ಬ್ಯಾಡ ಅಂದ್ರು, ಆಪನ್ನೇ ತೆಗ್ದಾಕ್ದೆ. ಒಂದ್ ಕಿತಾನೂ ಕಾನೂನು ಮೀರಿಲ್ಲ.”

ದುರದೃಷ್ಟವಶಾತ್ ಅವನ ಒಂದೊಂದು ವಾಕ್ಯವೂ ಸರಿಯಾಗಿತ್ತು. ರಾಜ್ಯದ ಕಾನೂನು ಪೋಕರನ್ನು ಅದೃಷ್ಟದಾಟವೆಂದು ನಿಷೇಧಿಸಿತ್ತು. 2023ರ ನವೆಂಬರಿನಲ್ಲಿ ಮದ್ರಾಸ್ ಹೈಕೋರ್ಟ್ ಅದು ಕೌಶಲದ ಆಟವೆಂದಿತು. 2025ರ ಫೆಬ್ರವರಿಯಲ್ಲಿ ಆಧಾರ್, ಹೊತ್ತುಗೊತ್ತಿನ ನಿಯಮಗಳು ಬಂದವು. ಅದೇ ವರ್ಷ ಆಗಸ್ಟಿನಲ್ಲಿ ಸಂಸತ್ತು ದುಡ್ಡಿನ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಶಿಕ್ಷೆ ಆಡಿಸುವವರಿಗೆ, ಆಡುವವರಿಗಲ್ಲ. ಇಷ್ಟನ್ನೂ ಅವ್ವ ಮುತ್ತಮ್ಮನಿಗೆ ಸವಿವರವಾಗಿ ತಿಳಿಸಿದೆ.

“ಅಂಗಾರೆ ಉಡುಗ ಒಳ್ಳೇವ್ನೋ ಕೆಟ್ಟೋನೋ, ಅದ್ ಏಳ್ಲಾ,” ಎಂದಳು ಅವ್ವ.

ಆ ಬಗ್ಗೆ ಕಾನೂನಿನಲ್ಲಿ ಏನೂ ಇರಲಿಲ್ಲ.

“ಸ್ಕಿಲ್ಲು ಅಂದ್ರೆ ಏನ್ಲಾ?”

“ಎದುರಿರೋರ ಮುಖ ನೋಡಿ ಅವ್ರ ಕೈನಾಗೆ ಏನೈತೆ ಅಂತ ತಿಳ್ಕಳದು. ನಮ್ ಮುಖದಾಗೆ ಏನೂ ತೋರ್ಸದೆ ಇರದು.”

“ಅಷ್ಟೇಯಾ? ಎಣ್ಣು ನೋಡಾಕೆ ಬರೋರೆಲ್ಲ ಅದನ್ನೇ ಅಲ್ವಾ ಮಾಡದು!”

ರಾತ್ರಿ ಎಲ್ಲರೂ ಊಟಕ್ಕೆ ಕೂತಾಗ ನಾನು ಮಾತ್ರ ಬೇಡವೆಂದೇ ಹೇಳಿದೆ. ಅದೃಷ್ಟ ನಂಬುವವನಿಗೆ ಹೆಣ್ಣು ಕೊಡಬಾರದು. ವಾಣಿ ಉಣ್ಣುವುದನ್ನು ಅರ್ಧಕ್ಕೆ ಬಿಟ್ಟು ಒಳಗೆ ಹೋದಳು. ಗೋವಿಂದರಾಜು ನನ್ನ ಮುಖ ನೋಡಿದ, ಮಗಳು ಹೋದ ಬಾಗಿಲು ನೋಡಿದ, ಕೊನೆಗೆ, “ಸಪ್ಪಲಮ್ಮನ್ನ ಊವು ಕೇಳಾನ,” ಎಂದ.

ನಮ್ಮಲ್ಲಿ ಹೂವು ಕೇಳುವುದೆಂದರೆ, ಒಂದು ಪೊಟ್ಟಣದಲ್ಲಿ ಬಿಳಿ ಕಣಗಿಲೆ, ಇನ್ನೊಂದರಲ್ಲಿ ಕೆಂಪು ಕಣಗಿಲೆ ಕಟ್ಟಿ ಊರದೇವತೆ ಸಪ್ಪಲಮ್ಮನ ಮುಂದಿಡುವುದು. ಪೂಜಾರಿ ಒಂದನ್ನು ಎತ್ತುತ್ತಾನೆ. ಬಿಳಿ ಬಂದರೆ ಆಗಲಿ, ಕೆಂಪು ಬಂದರೆ ಬೇಡ. ಅದೃಷ್ಟದ ವಿರುದ್ಧ ಆಗಷ್ಟೇ ಭಾಷಣ ಮಾಡಿದ ನಾನು ಇದನ್ನು ತಕ್ಷಣ ಒಪ್ಪಿದೆ. ಒಪ್ಪಿದ್ದಷ್ಟೇ ಅಲ್ಲ, ನಿಯಮಗಳನ್ನೂ ಮಾಡಿದೆ. ಎರಡೂ ಪೊಟ್ಟಣಕ್ಕೆ ಒಂದೇ ಅಳತೆಯ ಬಾಳೆ ಎಲೆ, ಒಂದೇ ಬಾಳೆ ನಾರು. ಎತ್ತದೆ ಉಳಿದ ಪೊಟ್ಟಣವನ್ನು ಬಿಚ್ಚದೆ ಗುಡಿಯ ಬಾವಿಗೆ ಬಿಡಬೇಕು, ಮುಂದೆ ತಕರಾರು ಬರಬಾರದು. ಕಟ್ಟುವಾಗ ಯಾರೂ ನೋಡಕೂಡದು, ನಾನೂ ಸೇರಿದಂತೆ. ಕಟ್ಟುವುದಕ್ಕೆ ಯಾವ ಪಕ್ಷಕ್ಕೂ ಸೇರದ ಒಬ್ಬರು ಬೇಕಿತ್ತು. ಅವ್ವನನ್ನು ನೇಮಿಸಿ, ನಾನೇ ಕೋಣೆಯ ಬಾಗಿಲು ಮುಚ್ಚಿದೆ.

ಗುಡಿಯಲ್ಲಿ ಪೂಜಾರಿ ಪೆರುಮಾಳ್ ಕಣ್ಣು ಮುಚ್ಚಿ ಒಂದು ಪೊಟ್ಟಣ ಎತ್ತಿದ. ವಾಣಿ ಕಂಬವನ್ನು ಗಟ್ಟಿಯಾಗಿ ಹಿಡಿದಿದ್ದಳು. ನಾರು ಬಿಚ್ಚಿದಾಗ ಒಳಗೆ ಬಿಳಿ ಹೂವು. ಗೋವಿಂದರಾಜು ಅತ್ತೇಬಿಟ್ಟ.

ಉಳಿದ ಪೊಟ್ಟಣ ಹಿಡಿದು ನಾನು ಬಾವಿಗೆ ಹೋದೆ. ಅಲ್ಲಿ ಹಳೆಯ ಚಟ ಕೆರಳಿತು: ಪರಿಶೀಲಿಸದೆ ಯಾವುದನ್ನೂ ಕೈಬಿಡಬಾರದು. ಬಿಚ್ಚಿದೆ. ಬಿಳಿ ಕಣಗಿಲೆ.

“ಯಾಕ್ಲಾ ಬಿಚ್ಚಿದ್ದು?” ಹಿಂದೆಯೇ ಅವ್ವ ನಿಂತಿದ್ದಳು. “ನಿನ್ ರೂಲ್ಸ್‌ನಾಗೆ ಐತಾ?”

“ಅವ್ವಾ, ಇದು ಮೋಸ!”

“ಸ್ಕಿಲ್ಲು ಕಣ್ಲಾ. ಕೂಸಿನ ಮುಖ ನೋಡಿ ಕಟ್ಟಿದೆ. ನೀನು ಪೇಪರ್ ಓದ್ಕಂಡ್ ಕುಂತಿದ್ದೆ.”

ಗುಡಿಗೆ ವಾಪಸು ಹೋಗಿ ನಿಜ ಹೇಳಬಹುದಿತ್ತು. ಆದರೆ ಬಾಗಿಲು ಮುಚ್ಚಿದವನು ನಾನು, ನಿಯಮ ಮುರಿದವನೂ ನಾನೇ. ಅಷ್ಟರಲ್ಲಿ ವಾಣಿ ಓಡಿಬಂದಳು. ಹೂವನ್ನು ಬಾವಿಗೆ ಹಾಕಿಬಿಟ್ಟೆ.

“ದೊಡ್ಡಪ್ಪಾ, ಅದ್ರಾಗೆ ಕೆಂಪೇ ತಾನೆ ಇದ್ದದ್ದು?”

“ನಿಯಮದ ಪ್ರಕಾರ ಬಿಚ್ಚಂಗಿಲ್ಲಮ್ಮ,” ಎಂದೆ, ಮುಖದಲ್ಲಿ ಏನೂ ತೋರಿಸದೆ.

ವಾಣಿ ನನ್ನ ಮುಖವನ್ನೇ ನೋಡಿದಳು. ಆಮೇಲೆ ಅಜ್ಜಿಯ ಮುಖ ನೋಡಿದಳು. ನೋಡನೋಡುತ್ತ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು.

“ದೊಡ್ಡಪ್ಪಾ, ನೀವು ಮಾತ್ರ ಯಾವತ್ತೂ ಪೋಕರ್ ಆಡಬ್ಯಾಡಿ,” ಎಂದಳು.