ನೂಲಿಗೆ ಕುಡಿಸಿದ ಮಾತ್ರೆ

ನೂಲಿಗೆ ಬಣ್ಣ ಹಾಕುವವರ ಮನೆಯ ಹಿರಿಸೊಸೆಗೆ ಹೊಟ್ಟೆಕಿಚ್ಚು. ಯಾರ ಮೇಲೆ ಅಂತೀರಾ? ರಜೆಗೆಂದು ಪೇಟೆಯಿಂದ ಬಂದಿದ್ದ ಓರಗಿತ್ತಿಯ ಮೇಲೆ. ಇಬ್ಬರೂ ಐದು ತಿಂಗಳ ಬಸುರಿಯರು. ಕಿರಿಯವಳು ಕೆಂಪಗೆ, ಲವಲವಿಕೆಯಿಂದ ಓಡಾಡುತ್ತಿದ್ದಳು. ಹಿರಿಯವಳಿಗೆ ಬಣ್ಣದ ಹಂಡೆಯಿಂದ ನೂಲಿನ ಲಡಿ ಎತ್ತುವಷ್ಟರಲ್ಲಿ ಏದುಸಿರು, ಕಣ್ಣಿಗೆ ಕತ್ತಲೆ.

“ಅವಳಿಗೇನತ್ತೆ, ಬೀದಿಗೊಂದು ಆಸ್ಪತ್ರೆ, ಪೇಟೆ ಔಷಧಿ. ನಮ್ಮ ಹಣೇಲಿ ಈ ಹಂಡೆ ಮಸಿ ಬರೆದಿದೆ,” ಎಂದು ಗೊಣಗಿದಳು.

“ಕಂಡೋರ ಮುಖ ನೋಡಿ ಹೊಟ್ಟೆ ಉರ್ಕೊಂಡ್ರೆ ನಿನ್ನ ಮುಖಕ್ಕೆ ಕಳೆ ಬರುತ್ತಾ?” ಎಂದರು ಅತ್ತೆ.

ಹೊಟ್ಟೆಕಿಚ್ಚು ಬುದ್ಧಿಮಾತು ಕೇಳೀತೇ? ಓರಗಿತ್ತಿ ಸ್ನಾನಕ್ಕೆ ಹೋದದ್ದೇ ತಡ, ಅವಳ ಚೀಲಕ್ಕೆ ಕೈ ಹಾಕಿದಳು. ಸಿಕ್ಕಿದ್ದು ಮಾತ್ರೆಯ ಒಂದು ಪಟ್ಟಿ. ನೋಡಿದರೆ ಊರಿನ ನರ್ಸಮ್ಮ ತಂದುಕೊಡುವ ಕಬ್ಬಿಣಾಂಶದ ಮಾತ್ರೆಯೇ.

“ಏನಕ್ಕ ಹುಡುಕ್ತಿದ್ದೀಯ?” ಓರಗಿತ್ತಿ ಬಾಗಿಲಲ್ಲಿ ನಿಂತಿದ್ದಳು.

“ನಿನ್ನ ಕೆನ್ನೆ ಕೆಂಪಿನ ಗುಟ್ಟು. ಇಷ್ಟೇನಾ? ಇದನ್ನ ನಮಗೂ ಕೊಡ್ತಾರೆ.”

“ಮತ್ತೆ ನಿನ್ನ ಮಾತ್ರೆ ಎಲ್ಲಿ?”

ಹಿರಿಯವಳು ಹಿತ್ತಲ ಕಡೆ ನೋಡಿದಳು. “ಹಂಡೆಗೆ ಹಾಕ್ಬಿಟ್ಟೆ. ಕಬ್ಬಿಣ ಬಿದ್ರೆ ನೂಲಿಗೆ ಕಪ್ಪು ಚೆನ್ನಾಗಿ ಹಿಡಿಯುತ್ತೆ. ನೂಲನ್ನೇ ಅಷ್ಟು ಕಪ್ಪು ಮಾಡೋದು ಹೊಟ್ಟೇಲಿರೋ ಮಗೂನ ಬಿಡುತ್ತಾ?”

ಕಿರಿಯವಳಿಗೆ ನಗು ಬಂತು. ಅಕ್ಕನ ಬಿಳಿಚಿದ ಉಗುರು ಕಂಡದ್ದೇ ನಗು ಹೋಯಿತು.

“ಮಗು ಬಣ್ಣ ಅಪ್ಪ ಅಮ್ಮನಿಂದ ಬರುತ್ತೆ, ಮಾತ್ರೆಯಿಂದಲ್ಲ. ಮಲ ಕಪ್ಪಾಗುತ್ತೆ, ಅದಕ್ಕೆ ಹೆದರ್ಬೇಡ. ನಿಜ ಹೇಳ್ಲಾ ಅಕ್ಕ, ನನಗೇ ನಿನ್ನ ಮೇಲೆ ಹೊಟ್ಟೆಕಿಚ್ಚು. ನಾನು ರಜೆ ಹಾಕಿ, ಸಾಲಲ್ಲಿ ನಿಂತು ತರೋದನ್ನ ನಿನಗೆ ಬಾಗಿಲಿಗೇ ತಂದ್ಕೊಡ್ತಾರೆ. ಆದ್ರೆ ಹೆರಿಗೇಲಿ ರಕ್ತ ಹೋದ್ರೆ ನನಗೆ ಬೀದಿ ಕೊನೇಲೇ ಆಸ್ಪತ್ರೆ. ನೀನು ದೊಡ್ಡಾಸ್ಪತ್ರೆ ಮುಟ್ಟೋಷ್ಟರಲ್ಲಿ ಕೈ ಮೀರಿದ್ರೆ? ಮೈಯಲ್ಲಿ ರಕ್ತ ನನಗಿಂತ ನಿನಗೇ ಹೆಚ್ಚು ಬೇಕಲ್ವಾ?”

ಹಿರಿಯವಳಿಗೆ ಭಯವಾಯಿತು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂತುಬಿಟ್ಟಳು.

ಮಾತು ಕೇಳಿಸಿಕೊಂಡ ಅತ್ತೆಯೇ ಹೋಗಿ ನರ್ಸಮ್ಮನನ್ನು ಕರೆತಂದರು. ನರ್ಸಮ್ಮ ಬೆರಳು ಚುಚ್ಚಿ ರಕ್ತ ನೋಡಿದರು.

“ತುಂಬಾ ಕಮ್ಮಿ ಇದೆ. ನಾಳೇನೇ ಡಾಕ್ಟರಿಗೆ ತೋರಿಸ್ಬೇಕು. ಮಾತ್ರೆ ಊಟ ಆದ್ಮೇಲೆ, ನೀರಲ್ಲಿ. ಜೊತೇಲಿ ಟೀ ಬೇಡ. ಹೊಟ್ಟೆ ತೊಳೆಸಿದ್ರೆ ನನಗೆ ಹೇಳಿ, ನೀವಾಗೇ ನಿಲ್ಲಿಸ್ಬೇಡಿ. ಹೆರಿಗೆಗೆ ಗಾಡಿ ಈಗ್ಲೇ ಗೊತ್ತು ಮಾಡಿಡಿ.”

ಮರುದಿನವೇ ಡಾಕ್ಟರಿಗೆ ತೋರಿಸಿಕೊಂಡು ಬಂದರು. ಅಂದಿನಿಂದ ಸೊಸೆ ಮಾತ್ರೆ ನುಂಗುವವರೆಗೂ ಅತ್ತೆ ಎದುರಿಂದ ಏಳುವುದಿಲ್ಲ. ನೂಲಿನ ಕಪ್ಪು ಸ್ವಲ್ಪ ಮಂಕಾಯಿತು. ಅದಕ್ಕೆ ಯಾರೂ ಅಳಲಿಲ್ಲ.

ಓರಗಿತ್ತಿ ಪೇಟೆಗೆ ಹೊರಟಾಗ ಹಿರಿಯವಳು ಅವಳ ಕೆನ್ನೆಯನ್ನೇ ದಿಟ್ಟಿಸಿದಳು. “ಮುಂದಿನ ಸಲ ಬಾ. ನಿನಗಿಂತ ನಾನೇ ಕೆಂಪಗಿರ್ತೀನಿ.”

“ಇರಕ್ಕ. ಆಗ ನಾನು ಹೊಟ್ಟೆ ಉರ್ಕೋತೀನಿ.”

ಅಕ್ಕತಂಗಿಯರೇ, ನೀವು ಹಳ್ಳಿಯವರಿರಲಿ, ಪೇಟೆಯವರಿರಲಿ, ಬಸುರಿಯಾದರೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಆಸ್ಪತ್ರೆ ದೂರವಿದ್ದಷ್ಟೂ ತಯಾರಿ ಮೊದಲೇ ಆಗಲಿ. ಈಗ ಎದ್ದು ನೋಡಿ, ನಿಮಗೆ ಕೊಟ್ಟ ಮಾತ್ರೆ ಎಲ್ಲಿದೆ?